ಮಾತನಾಡುವ ಪಾಟಿ: ಸ್ವಲೀನ ಮಕ್ಕಳ ಪಾಲಕರ ಅನುಭವದಲ್ಲಿ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ಕನ್ನಡ ನಾಡಿನ ಹಳೆಯ ನಾಣ್ಣುಡಿ. ಮಾತನ್ನು ತೂಗಿ ನೋಡಿ ಆಡಬೇಕೆಂದು ಹಿರಿಯರು ಕಿರಿಯರಿಗೆ ಹೇಳುತ್ತ ಬಂದ ಬುದ್ಧಿವಾದವಿದು. ಆದರೆ ಆಡುವ ಮಾತೇ ಒದಗಿಬಾರದವರ ವಿಷಯದಲ್ಲಿ ಈ ನಾಣ್ಣುಡಿ ಮೌನವಾಗಿದೆ. ಮಾತೆಂಬುದು ಸರ್ವರಿಗೂ ಸಹಜವಾಗಿ ದೊರೆಯುವ ಸಂಪತ್ತೆಂದು ಭಾವಿಸಿಯೇ ಮನೆ, ಶಾಲೆ, ಸಂತೆ, ಕಚೇರಿಗಳ ವ್ಯವಹಾರವೆಲ್ಲ ಏರ್ಪಟ್ಟಿದೆ. ಆ ಸಂಪತ್ತಿನಿಂದ ವಂಚಿತರಾದವರ ಪಾಡು ಅವರ ತಾಯಿತಂದೆಗಳಿಗೆ ಮಾತ್ರ ಗೊತ್ತು.

ಆರೇಳು ವರ್ಷದ ಮಗುವೊಂದು ತಾಯಿಯ ಕೈಹಿಡಿದು ಅಡಿಗೆಮನೆಗೆ ಎಳೆದೊಯ್ಯುತ್ತದೆ. ತಾಯಿ ನೀರು ಕೊಡುತ್ತಾಳೆ. ಮಗು ಲೋಟವನ್ನು ತಳ್ಳುತ್ತದೆ. ಬೆಲ್ಲ ಕೊಡುತ್ತಾಳೆ, ಹಾಲು ಕೊಡುತ್ತಾಳೆ, ಯಾವುದೂ ಸಲ್ಲದು. ಕೊನೆಗೆ ಮಗು ತನ್ನ ಕೈಯನ್ನು ತಾನೇ ಕಚ್ಚಿಕೊಂಡು ಅಳತೊಡಗುತ್ತದೆ. ನೋಡಿದವರು ಇದನ್ನು ಹಠವೆನ್ನುತ್ತಾರೆ, ಮುದ್ದು ಹೆಚ್ಚಾದುದರ ಫಲವೆನ್ನುತ್ತಾರೆ. ಆ ಮಗುವಿಗೆ ಹಲ್ಲು ನೋಯುತ್ತಿತ್ತೆಂಬುದು ಎರಡು ದಿನ ಕಳೆದು ಕೆನ್ನೆ ಊದಿಕೊಂಡಾಗ ತಿಳಿದುಬರುತ್ತದೆ. ಸ್ವಲೀನ ಮಕ್ಕಳಿರುವ ಅನೇಕ ಮನೆಗಳಲ್ಲಿ ಇಂತಹ ದಿನಗಳು ಅಪರೂಪವಲ್ಲ. ಇತ್ತೀಚಿನ ವರ್ಷಗಳಲ್ಲಿ ಆ ಮನೆಗಳನ್ನು ಪ್ರವೇಶಿಸಿರುವ ಒಂದು ಸಣ್ಣ ಸಾಧನದ ಬಗೆಗೆ ಪಾಲಕರು ಏನೆನ್ನುತ್ತಾರೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸ್ವಲೀನತೆ ಎಂದರೇನು?

ಸ್ವಲೀನತೆ, ಅಂದರೆ ಆಟಿಸಂ, ಒಂದು ರೋಗವಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಹುಟ್ಟಿನಿಂದ ಇರುವ ಒಂದು ಭಿನ್ನತೆ. ಪರರೊಡನೆ ಬೆರೆಯುವ, ಸಂವಹನ ನಡೆಸುವ ರೀತಿಯಲ್ಲಿ ವ್ಯತ್ಯಾಸ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ಒಲವು. ಸದ್ದು, ಬೆಳಕು, ಸ್ಪರ್ಶಗಳನ್ನು ಗ್ರಹಿಸುವಲ್ಲಿ ಅತಿ ಅಥವಾ ಅಲ್ಪ ಸಂವೇದನೆ ಇವು ಅದರ ಮುಖ್ಯ ಲಕ್ಷಣಗಳು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಗೆ ಒಂದು ಹೆಸರನ್ನು ಕೊಟ್ಟನು. ಆ ಹನ್ನೊಂದರಲ್ಲಿ ಮೂರು ಮಕ್ಕಳು ಮಾತನ್ನೇ ಆಡುತ್ತಿರಲಿಲ್ಲ. ಇಂದಿನ ಅಂದಾಜಿನಂತೆಯೂ ಸ್ವಲೀನ ಮಕ್ಕಳಲ್ಲಿ ಶೇ. 25ರಿಂದ 30ರಷ್ಟು ಮಂದಿಗೆ ಶಾಲೆಯ ವಯಸ್ಸು ಬಂದರೂ ಮಾತು ಬಾರದು, ಇಲ್ಲವೆ ಬೆರಳೆಣಿಕೆಯ ಶಬ್ದಗಳಷ್ಟೇ ಬರುತ್ತವೆ. ಇವರು ಕಿವುಡರಲ್ಲ. ಮಾತು ಬಾರದುದರಿಂದ ಬುದ್ಧಿಯೂ ಇಲ್ಲವೆಂದು ತೀರ್ಮಾನಿಸುವುದಕ್ಕೆ ಆಧಾರವಿಲ್ಲ.

ಪಾಲಕರ ಅಭಿಪ್ರಾಯಕ್ಕೆ ಕಿವಿಗೊಡಬೇಕೆಂಬ ವಿವೇಕವು ವಿದ್ವಾಂಸರಿಗೆ ಕೂಡಲೇ ಮೂಡಿದುದಲ್ಲ. ತಾಯಿಯ ಪ್ರೀತಿಯ ಅಭಾವದಿಂದಲೇ ಮಗು ಹೀಗಾಗುತ್ತದೆಂಬ ನಿರಾಧಾರವಾದ ಸಿದ್ಧಾಂತವು ಹಲವು ವರ್ಷ ಮನ್ನಣೆ ಪಡೆದಿತ್ತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಷ್ಟು ಈಚೆಗೂ ಅದನ್ನು ಪ್ರತಿಪಾದಿಸಿದನು. ಸ್ವತಃ ಸ್ವಲೀನ ಬಾಲಕನೊಬ್ಬನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಾಂಡ್ 1964ರಲ್ಲಿಯೇ ಗ್ರಂಥವೊಂದನ್ನು ಬರೆದು, ಇದಕ್ಕೆ ಕಾರಣ ಶಾರೀರಿಕವಾದುದೆಂದು ವಾದಿಸಿದ್ದನು. ಕಾಲಾಂತರದಲ್ಲಿ ಅವನ ನಿಲುವೇ ಸತ್ಯವೆನಿಸಿತು. ದೂಷಣೆಗೆ ಗುರಿಯಾಗಿದ್ದ ಪಾಲಕರು ಸಾಕ್ಷಿಗಳಾದರು. ಹಗಲಿರುಳು ಮಗುವಿನ ಜೊತೆಗಿರುವವರು ಕಂಡದ್ದನ್ನು ಕೇಳದೆ ಯಾವ ಸಾಧನದ ಬೆಲೆಯನ್ನೂ ಕಟ್ಟಲಾಗದೆಂಬ ಅರಿವು ಅಲ್ಲಿಂದ ಮುಂದೆ ಬೆಳೆಯಿತು.

ಚಿತ್ರದ ಹಲಗೆಯಿಂದ ಟ್ಯಾಬ್ಲೆಟ್‌ವರೆಗೆ

ಬಾಯಿಮಾತಿಗೆ ಪೂರಕವಾಗಿ, ಅಥವಾ ಅದರ ಬದಲಾಗಿ, ಬೇರೆ ಸಾಧನಗಳಿಂದ ಸಂವಹನ ನಡೆಸುವ ಪದ್ಧತಿಗೆ ಪೂರಕ ಮತ್ತು ಪರ್ಯಾಯ ಸಂವಹನವೆಂದು ಹೆಸರು. ಸನ್ನೆಗಳೂ ಚಿತ್ರಗಳೂ ಇದರಲ್ಲಿ ಮೊದಲಿನಿಂದ ಬಳಕೆಯಲ್ಲಿವೆ. ಕೆನಡಾ ದೇಶದ ಟೊರಾಂಟೋದಲ್ಲಿ 1971ರಲ್ಲಿ, ಚಾರ್ಲ್ಸ್ ಬ್ಲಿಸ್ ಎಂಬಾತನು ಬೇರೆ ಉದ್ದೇಶದಿಂದ ರಚಿಸಿದ್ದ ಸಂಕೇತಗಳನ್ನು ಮಾತು ಬಾರದ ಅಂಗವಿಕಲ ಮಕ್ಕಳಿಗೆ ಕಲಿಸುವ ಪ್ರಯತ್ನ ನಡೆಯಿತು. ಅಮೆರಿಕದ ಡೆಲವೇರ್ ಪ್ರಾಂತದಲ್ಲಿ 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಇವರು ಚಿತ್ರವಿನಿಮಯ ಪದ್ಧತಿಯನ್ನು ರೂಪಿಸಿದರು. ಇದರಲ್ಲಿ ಮಗು ತನಗೆ ಬೇಕಾದ ವಸ್ತುವಿನ ಚಿತ್ರವನ್ನು ಎತ್ತಿ ಎದುರಿನವರ ಕೈಗೆ ಕೊಡುತ್ತದೆ. ಇನ್ನೊಬ್ಬರ ಗಮನವನ್ನು ಸೆಳೆದು ತನ್ನ ಇಚ್ಛೆಯನ್ನು ತಿಳಿಸುವ ಮೂಲಪಾಠ ಹೀಗೆ ಆರಂಭವಾಗುತ್ತದೆ. ಚಿತ್ರವನ್ನು ಮುಟ್ಟಿದರೆ ಧ್ವನಿ ಹೊರಡಿಸುವ ಯಂತ್ರಗಳೂ ಆಗಲೇ ಇದ್ದುವು. ಆದರೆ ಅವು ಭಾರವಾದುವು, ಸಾವಿರಾರು ಡಾಲರ್ ಬೆಲೆಯವು. ಸಾಮಾನ್ಯ ಸಂಸಾರಕ್ಕೆ ಎಟುಕುವಂತಹವಲ್ಲ.

ಈ ಪರಿಸ್ಥಿತಿಯನ್ನು ಬದಲಿಸಿದ್ದು ಟ್ಯಾಬ್ಲೆಟ್. ಔಷಧದ ಅಂಗಡಿಯ ಗುಳಿಗೆಗೂ ಇದೇ ಹೆಸರಿದ್ದರೂ ಇಲ್ಲಿ ಹೇಳುತ್ತಿರುವುದು ಬೆರಳಿನಿಂದ ಮುಟ್ಟಿ ನಡೆಸುವ ಗಾಜಿನ ಫಲಕದ ಗಣಕವನ್ನು. ಹಳೆಯ ಶಾಲಾಮಕ್ಕಳ ಪಾಟಿಯನ್ನು ನೆನೆದರೆ ಅದರ ಆಕಾರ ಕಣ್ಣಿಗೆ ಬರುತ್ತದೆ. ಆಪಲ್ ಸಂಸ್ಥೆಯ ಐಪ್ಯಾಡ್ 2010ರ ಏಪ್ರಿಲ್‌ನಲ್ಲಿ 499 ಡಾಲರಿನ ಆರಂಭದ ಬೆಲೆಗೆ ಮಾರುಕಟ್ಟೆಗೆ ಬಂದಿತು. ಆಮ್‌ಸ್ಟರ್‌ಡಾಮಿನ ಸಂಸ್ಥೆಯೊಂದು ಅದಕ್ಕೆ ಒಂದು ವರ್ಷ ಮುಂಚೆ ಸಿದ್ಧಪಡಿಸಿದ್ದ ಪ್ರೊಲೊಕ್ವೊಟುಗೊ ಎಂಬ ತಂತ್ರಾಂಶವು ಆ ಫಲಕಕ್ಕೆ ಸೊಗಸಾಗಿ ಹೊಂದಿಕೊಂಡಿತು. ಪರದೆಯ ಮೇಲೆ ಚೌಕಗಳ ಸಾಲು. ಒಂದೊಂದು ಚೌಕದಲ್ಲಿ ಒಂದು ಚಿತ್ರ, ಅದರಡಿಯಲ್ಲಿ ಒಂದು ಪದ. ಮಗು ಚೌಕಗಳನ್ನು ಒಂದರ ನಂತರ ಒಂದು ಮುಟ್ಟಿದಂತೆ ವಾಕ್ಯ ಕೂಡಿಕೊಳ್ಳುತ್ತದೆ, ಯಂತ್ರವು ಅದನ್ನು ಗಟ್ಟಿಯಾಗಿ ಉಚ್ಚರಿಸುತ್ತದೆ.

ಭಾರತವೂ ಈ ದಿಶೆಯಲ್ಲಿ ಹಿಂದೆ ಬೀಳಲಿಲ್ಲ. ಚೆನ್ನೈಯಲ್ಲಿ ಅಜಿತ್ ನಾರಾಯಣನ್ ಮತ್ತು ಅವರ ಸಂಗಡಿಗರು ‘ಆವಾಜ಼್’ ಎಂಬ ಸಾಧನವನ್ನು 2010ರಲ್ಲಿ ಹೊರತಂದರು. ಮೊದಲು ಸ್ವತಂತ್ರ ಯಂತ್ರವಾಗಿದ್ದ ಅದು ಕ್ರಮೇಣ ಟ್ಯಾಬ್ಲೆಟ್‌ನ ತಂತ್ರಾಂಶವಾಯಿತು. ಮುಂಬಯಿಯ ಐಐಟಿ ವಿದ್ಯಾಲಯದಲ್ಲಿ ‘ಜೆಲ್ಲೋ’ ಎಂಬ ಉಚಿತ ತಂತ್ರಾಂಶ ರೂಪುಗೊಂಡಿತು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ವಾಕ್‌ಚಿಕಿತ್ಸಕರನ್ನು ತರಬೇತುಗೊಳಿಸುತ್ತ ಬಂದಿರುವುದು ಈ ಭಾಗದ ಪಾಲಕರಿಗೆ ದೊಡ್ಡ ಆಸರೆಯಾಗಿದೆ.

ಪಾಲಕರು ಕಂಡ ಲಾಭಗಳು

ನಾನಾ ದೇಶಗಳಲ್ಲಿ ಪಾಲಕರನ್ನು ವಿಚಾರಿಸಿ ನಡೆಸಿದ ಅಧ್ಯಯನಗಳಲ್ಲಿ ಕೆಲವು ಮಾತುಗಳು ಮರುಕಳಿಸುತ್ತವೆ. ಮೊದಲನೆಯದು, ಸಾಧನವು ಹಗುರವಾದುದು. ಮದುವೆ, ಜಾತ್ರೆ, ಬಸ್ಸಿನ ಪ್ರಯಾಣಗಳಿಗೂ ಒಯ್ಯಬಹುದು. ಎರಡನೆಯದು, ಅದು ಎಲ್ಲರ ಕೈಯಲ್ಲಿಯೂ ಇರುವಂತಹ ವಸ್ತು. ಕೊರಳಿಗೆ ವಿಚಿತ್ರ ಯಂತ್ರವನ್ನು ತೂಗುಹಾಕಿಕೊಂಡ ಮಗುವನ್ನು ಜನ ದಿಟ್ಟಿಸುತ್ತಾರೆ. ಟ್ಯಾಬ್ಲೆಟ್ ಹಿಡಿದ ಮಗುವನ್ನು ಯಾರೂ ದಿಟ್ಟಿಸುವುದಿಲ್ಲ. ಓರಗೆಯ ಮಕ್ಕಳು ತಾವಾಗಿ ಹತ್ತಿರ ಬಂದು ಕುಳಿತುಕೊಳ್ಳುವುದೂ ಉಂಟು. ಮೂರನೆಯದು, ಮನೆಯ ವಸ್ತುಗಳನ್ನೇ ಚಿತ್ರ ತೆಗೆದು ಸೇರಿಸಬಹುದು. ಅಂಗಡಿಯ ಚಿತ್ರಪಟದಲ್ಲಿ ಸೇಬು, ಬ್ರೆಡ್ಡುಗಳಿದ್ದರೆ, ತಾಯಿ ಸೇರಿಸಿದ ಚೌಕಗಳಲ್ಲಿ ರೊಟ್ಟಿ, ಉಪ್ಪಿಟ್ಟು, ಅಜ್ಜಿಯ ಮುಖ ಇರುತ್ತವೆ.

ಇವೆಲ್ಲಕ್ಕಿಂತ ಮಿಗಿಲಾಗಿ ಪಾಲಕರು ಸ್ಮರಿಸುವುದು ಮನೆಯಲ್ಲಿ ಮೂಡುವ ಸಮಾಧಾನವನ್ನು. ಅತ್ತು, ಕಿರುಚಿ, ತಲೆ ಬಡಿದುಕೊಂಡು ತಿಳಿಸಬೇಕಾಗಿದ್ದುದನ್ನು ಬೆರಳಿನಿಂದ ತಿಳಿಸಲು ಸಾಧ್ಯವಾದಾಗ ಅಂತಹ ವರ್ತನೆ ಹಲವು ಮಕ್ಕಳಲ್ಲಿ ಇಳಿಮುಖವಾಗುತ್ತದೆ. ಹಠವೆಂದು ಭಾವಿಸಿದ್ದುದರಲ್ಲಿ ಬಹುಪಾಲು ಹೇಳಲಾಗದ ಮಾತೇ ಆಗಿತ್ತೆಂಬುದು ಆಗ ಹಿರಿಯರಿಗೆ ಮನವರಿಕೆಯಾಗುತ್ತದೆ. ಈ ಮಾತು ಮಕ್ಕಳಿಗಷ್ಟೇ ಅನ್ವಯಿಸುವುದಲ್ಲ. ಮೂವತ್ತು ನಲವತ್ತು ವರ್ಷ ಮೌನದಲ್ಲಿಯೇ ಕಳೆದ ವಯಸ್ಕರಿಗೂ ಕಲಿಕೆಯ ಬಾಗಿಲು ಮುಚ್ಚಿಲ್ಲ.

ಇದ್ದ ಮಾತೂ ಹೋಗುವುದೇ?

ಪಾಲಕರನ್ನು ಬಹುವಾಗಿ ಕಾಡುವ ಅಳುಕೆಂದರೆ ಇದು. ಯಂತ್ರವೇ ಮಾತನಾಡತೊಡಗಿದರೆ ಮಗು ಬಾಯಿ ತೆರೆಯುವ ಶ್ರಮವನ್ನೇಕೆ ಪಟ್ಟೀತು? ಬಂದೀತೆಂದು ಕಾಯುತ್ತಿರುವ ಮಾತು ಬಾರದೆಯೇ ಹೋದರೆ? ಈ ಶಂಕೆಯಿಂದ ಎಷ್ಟೋ ತಾಯಂದಿರು ಸಾಧನವನ್ನು ಮುಟ್ಟದೆ, ಇನ್ನೊಂದು ವರ್ಷ, ಮತ್ತೊಂದು ವರ್ಷವೆಂದು ಕಾಯುತ್ತಾರೆ. ಅವರ ಅಳುಕು ಸಹಜವಾದುದು. ಅದನ್ನು ಅಲ್ಲಗಳೆಯುವ ಬದಲು ಪ್ರಮಾಣಗಳಿಂದ ಉತ್ತರಿಸುವುದು ಯುಕ್ತ.

ಅಮೆರಿಕದ ಮಿಲರ್, ಲೈಟ್ ಮತ್ತು ಷ್ಲಾಸರ್ ಎಂಬ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ 2006ರಲ್ಲಿ ಪರಿಶೀಲಿಸಿದರು. ಬೆಳವಣಿಗೆಯ ನ್ಯೂನತೆಗಳುಳ್ಳವರನ್ನು ಕುರಿತ ಆ ಅಧ್ಯಯನಗಳಲ್ಲಿ ವಿಶ್ವಾಸಾರ್ಹವಾದ ವಿಧಾನದಿಂದ ನಡೆದ 6ನ್ನು ಆರಿಸಿದಾಗ 27 ವ್ಯಕ್ತಿಗಳ ವಿವರ ದೊರೆಯಿತು. ಅವರಲ್ಲಿ ಶೇ. 89ರಷ್ಟು ಮಂದಿಯ ಬಾಯಿಮಾತು ಹೆಚ್ಚಿತು, ಶೇ. 11ರಷ್ಟು ಮಂದಿಯಲ್ಲಿ ಬದಲಾವಣೆ ಕಾಣಲಿಲ್ಲ. ಒಬ್ಬರಲ್ಲಿಯೂ ಮಾತು ಕಡಿಮೆಯಾಗಲಿಲ್ಲ. ಹೆಚ್ಚಿದ ಪ್ರಮಾಣ ಬಹಳವಲ್ಲವೆಂಬುದನ್ನೂ ಅವರು ಮರೆಮಾಚಲಿಲ್ಲ. ಮುಂದೆ 2014ರಲ್ಲಿ ಕಾನಿ ಕಸಾರಿ ಮತ್ತು ಅವರ ಸಹೋದ್ಯೋಗಿಗಳು 5ರಿಂದ 8 ವರ್ಷದ, ಅತ್ಯಲ್ಪ ಮಾತುಳ್ಳ 61 ಸ್ವಲೀನ ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಮಾತಿನ ಶಿಕ್ಷಣದ ಜೊತೆಗೆ ಧ್ವನಿಸಾಧನವನ್ನು ಆರಂಭದಿಂದಲೇ ಪಡೆದ ಮಕ್ಕಳು, ಪಡೆಯದವರಿಗಿಂತ ಹೆಚ್ಚಾಗಿ ತಾವಾಗಿಯೇ ಸಂವಹನಕ್ಕೆ ತೊಡಗಿದರು. ಸಾಧನವು ಮಾತನ್ನು ಕಸಿಯುವುದಿಲ್ಲವೆಂದು ಇಷ್ಟರಿಂದ ಧೈರ್ಯವಾಗಿ ಹೇಳಬಹುದು. ಆದರೆ ಅದು ಎಲ್ಲರಿಗೂ ಮಾತು ತಂದುಕೊಡುವ ಮಂತ್ರದಂಡವೆಂದು ಹೇಳಲಾಗದು. ಅಂತಹ ನಿರೀಕ್ಷೆಯಿಂದ ಕೊಂಡವರು ಆರು ತಿಂಗಳಲ್ಲಿ ನಿರಾಶರಾಗಿ ಅದನ್ನು ಕಪಾಟಿನಲ್ಲಿಡುವರು.

ಪಾಲಕರ ತೊಡಕುಗಳು

ಮೊದಲ ತೊಡಕು ಆಟದ್ದು. ಮಾತಿಗೆಂದು ಕೊಟ್ಟ ಫಲಕದಲ್ಲಿ ಮಗು ಚಲಚ್ಚಿತ್ರಗಳನ್ನೂ ಹಾಡುಗಳನ್ನೂ ಹುಡುಕಿಕೊಳ್ಳುತ್ತದೆ. ಕಸಿದುಕೊಂಡರೆ ರಂಪ. ಹೀಗೆ ಕಸಿದುಕೊಂಡಾಗ ಮಗುವಿನ ಮಾತನ್ನೂ ಕಸಿದುಕೊಂಡಂತಾಯಿತೆಂಬುದನ್ನು ಮರೆಯಬಾರದು. ಅನುಭವಸ್ಥರು ಮಾತಿನ ಟ್ಯಾಬ್ಲೆಟ್ ಬೇರೆ, ಆಟದ ಟ್ಯಾಬ್ಲೆಟ್ ಬೇರೆ ಇರಲೆನ್ನುತ್ತಾರೆ. ಎರಡಕ್ಕೆ ಶಕ್ತಿಯಿಲ್ಲದವರು, ಪರದೆಯನ್ನು ಒಂದೇ ತಂತ್ರಾಂಶಕ್ಕೆ ಬಂಧಿಸಿಡುವ ಏರ್ಪಾಡನ್ನು ಬಳಸಬಹುದು. ಐಪ್ಯಾಡಿನಲ್ಲಿ ಇಂತಹ ಅನುಕೂಲ 2012ರಿಂದ ಇದೆ.

ಎರಡನೆಯದು ನಿರ್ವಹಣೆಯ ಹೊರೆ. ಗಾಜು ಒಡೆಯುತ್ತದೆ, ವಿದ್ಯುತ್ತು ಮುಗಿಯುತ್ತದೆ, ಹೊಸ ಪದಗಳನ್ನು ಸೇರಿಸಬೇಕಾಗುತ್ತದೆ. ಸೇರಿಸುವಾಗ ಹಳೆಯ ಚೌಕಗಳ ಜಾಗ ಬದಲಾದರೆ, ಬೆರಳಿನ ರೂಢಿಯಿಂದ ಪದವನ್ನು ಹುಡುಕುವ ಮಗು ಕಂಗಾಲಾಗುತ್ತದೆ. ಈ ದುಡಿಮೆಯೆಲ್ಲ ಹೆಚ್ಚಾಗಿ ತಾಯಿಯ ಪಾಲಿಗೇ ಬರುತ್ತದೆ. ಯಂತ್ರ ಕೊಳ್ಳಲು ದಾನಿಗಳು ದೊರೆಯುತ್ತಾರೆ, ಆದರೆ ಅದನ್ನು ಬಳಸಲು ಕಲಿಸುವವರು ದೊರೆಯುವುದಿಲ್ಲವೆಂಬುದು ಪಾಲಕರ ಸಾಮಾನ್ಯ ದೂರು.

ಮೂರನೆಯದು, ಧ್ವನಿಯೊಂದು ಮಾರುಕಟ್ಟೆಯ ಸರಕಾದಾಗ ಉಂಟಾಗುವ ಅನಿಶ್ಚಿತತೆ. ಅಮೆರಿಕದಲ್ಲಿ 2012ರಲ್ಲಿ ಎರಡು ಸಂಸ್ಥೆಗಳ ನಡುವಣ ಪೇಟೆಂಟ್ ವ್ಯಾಜ್ಯದ ಕಾರಣ ಇಂತಹ ತಂತ್ರಾಂಶವೊಂದನ್ನು ಅಂಗಡಿಯಿಂದ ತೆಗೆದುಹಾಕಲಾಯಿತು. ಅದನ್ನು ನೆಚ್ಚಿದ್ದ ಮಕ್ಕಳ ತಾಯಿತಂದೆಗಳು ತಮ್ಮ ಮಗುವಿನ ಮಾತು ಯಾವ ದಿನ ನಿಂತುಹೋಗುವುದೋ ಎಂದು ತಲ್ಲಣಿಸಿದರು. ಅದೇ ವರ್ಷ ರಾಜಿಯಾಗಿ ತಂತ್ರಾಂಶ ಮರಳಿತಾದರೂ ಪಾಠ ಉಳಿಯಿತು. ಆದುದರಿಂದಲೇ ಬಲ್ಲವರು ಮುಖ್ಯ ಪದಗಳ ಕಾಗದದ ಪಟವೊಂದನ್ನು ಸದಾ ಜೊತೆಗಿಟ್ಟುಕೊಳ್ಳುವಂತೆ ಸಲಹೆ ಮಾಡುತ್ತಾರೆ.

ಕನ್ನಡದ ಮನೆಗಳ ವಿಶೇಷ ಸಮಸ್ಯೆ

ಇಂತಹ ತಂತ್ರಾಂಶಗಳು ಬಹುಮಟ್ಟಿಗೆ ಇಂಗ್ಲಿಷಿನ ಲಕ್ಷಣಕ್ಕೆ ತಕ್ಕಂತೆ ಹುಟ್ಟಿದವು. ಆ ಭಾಷೆಯಲ್ಲಿ ಪದಗಳನ್ನು ಮಣಿಗಳಂತೆ ಸಾಲಾಗಿ ಪೋಣಿಸಿದರೆ ವಾಕ್ಯವಾಗುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ನಾನು’, ‘ನೀರು’, ‘ಬೇಕು’ ಎಂಬ ಮೂರು ಚೌಕಗಳನ್ನು ಮುಟ್ಟಿದರೆ ಯಂತ್ರವು ‘ನಾನು ನೀರು ಬೇಕು’ ಎನ್ನುತ್ತದೆ. ಮನೆಯಲ್ಲಿ ಯಾರೂ ಹಾಗೆ ನುಡಿಯುವುದಿಲ್ಲ. ‘ಬೇಕು’ ಎಂಬಲ್ಲಿ ‘ನನಗೆ’ ಆಗಬೇಕು. ‘ಕುಡಿಯುತ್ತೇನೆ’ ಎಂಬಲ್ಲಿ ‘ನಾನು’ ಉಳಿಯಬೇಕು. ಶಾಲೆ, ಶಾಲೆಗೆ, ಶಾಲೆಯಲ್ಲಿ, ಶಾಲೆಯಿಂದ ಎಂಬ ರೂಪಗಳೂ, ಹೋದೆ, ಹೋದನು, ಹೋದಳು ಎಂಬ ರೂಪಗಳೂ ಸೇರಿದರೆ ಚೌಕಗಳ ಸಂಖ್ಯೆ ಮಿತಿಮೀರುತ್ತದೆ. ನಿರಾಕರಣೆಯ ಪದವೊಂದನ್ನೇ ತೆಗೆದುಕೊಂಡರೂ ಇಲ್ಲ, ಅಲ್ಲ, ಬೇಡ, ಒಲ್ಲೆ ಎಂದು ಕನ್ನಡದಲ್ಲಿ ಬೇರೆ ಬೇರೆ ಅರ್ಥದ ಮಾತುಗಳುಂಟು. ಒಂದೇ ಚೌಕ ಅವೆಲ್ಲವನ್ನೂ ಹೇಳಲಾರದು.

ಮರ್ಯಾದೆಯ ಪ್ರಶ್ನೆಯೂ ಇದೆ. ಯಂತ್ರವು ಅಜ್ಜನಿಗೆ ‘ನೀರು ಕೊಡು’ ಎಂದು ಏಕವಚನದಲ್ಲಿ ಹೇಳಿದರೆ ಕೇಳಿದವರು ಮುಖ ಸಿಂಡರಿಸುತ್ತಾರೆ. ಇದಕ್ಕೆ ಸುಲಭವಾದ ಪರಿಹಾರವುಂಟು: ‘ಕೊಡಿ’ ಎಂಬ ರೂಪವನ್ನೇ ಸೇರಿಸಬಹುದು, ಅಥವಾ ಯಾರಿಗೂ ಸಲ್ಲುವ ‘ಬೇಕು’ ಎಂಬುದನ್ನೇ ಬಳಸಬಹುದು. ಇಂಗ್ಲಿಷಿನಲ್ಲಿಯೇ ಕಲಿಸಿಬಿಡುವುದು ಸುಲಭವೆಂದು ಕೆಲವರು ಹೇಳುವುದುಂಟು. ಆದರೆ ಅಜ್ಜಿಗೂ ನೆರೆಯವರಿಗೂ ತಿಳಿಯದ ಭಾಷೆಯಲ್ಲಿ ಮಗು ಮಾತನಾಡಿದರೆ ಅದರ ಒಂಟಿತನ ಕಳೆಯುವುದೆಂತು? ವ್ಯಾಕರಣ ಕೊಂಚ ತಪ್ಪಿದರೂ ಚಿಂತೆಯಿಲ್ಲ; ಮನೆಮಾತೇ ಮಗುವಿನ ಮೊದಲ ಮಾತಾಗಬೇಕು.

ಯಾರ ಮಾತು?

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. 1990ರ ಅನಂತರ ಅಮೆರಿಕದಲ್ಲಿ, ಸಹಾಯಕರು ಸ್ವಲೀನ ವ್ಯಕ್ತಿಯ ಕೈಹಿಡಿದು ಅಕ್ಷರಗಳನ್ನು ಮುಟ್ಟಿಸುವ ವಿಧಾನವೊಂದು ವೇಗವಾಗಿ ಹರಡಿತು. ಮೌನಿಗಳಾಗಿದ್ದವರು ಪುಟಗಟ್ಟಲೆ ಬರೆಯತೊಡಗಿದರೆಂದು ಪಾಲಕರು ಹರ್ಷಿಸಿದರು. ಬಳಿಕ ವಿಜ್ಞಾನಿಗಳು ಸಹಾಯಕನಿಗೊಂದು ಚಿತ್ರ, ಸ್ವಲೀನ ವ್ಯಕ್ತಿಗೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ, ಬರೆದುದು ಸಹಾಯಕನು ಕಂಡ ಚಿತ್ರದ ಹೆಸರಾಗಿತ್ತು. ಸಹಾಯಕರು ಮೋಸಗಾರರಾಗಿರಲಿಲ್ಲ, ತಮಗರಿಯದೆ ತಾವೇ ಕೈಯನ್ನು ನಡೆಸುತ್ತಿದ್ದರು. ಅಮೆರಿಕದ ಮನಶ್ಶಾಸ್ತ್ರ ಸಂಘವು 1994ರಲ್ಲಿ ಈ ವಿಧಾನಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನಿರ್ಣಯಿಸಿತು. ಮಗುವಿನ ಬೆರಳು ಸ್ವತಂತ್ರವಾಗಿ ಚಲಿಸಿದಾಗ ಮಾತ್ರ ಆ ಮಾತು ಮಗುವಿನದು.

ಈ ಪ್ರಶ್ನೆಯ ಇನ್ನೊಂದು ಮುಖವು ಎಲ್ಲ ಮನೆಗಳಿಗೂ ಸಂಬಂಧಿಸಿದುದು. ಚೌಕಗಳಲ್ಲಿ ಯಾವ ಪದಗಳಿರಬೇಕೆಂದು ತೀರ್ಮಾನಿಸುವವರು ಹಿರಿಯರು. ಅವರು ಸಹಜವಾಗಿಯೇ ಊಟ, ನೀರು, ಶೌಚ, ‘ದಯವಿಟ್ಟು’ ಇಂತಹವನ್ನು ತುಂಬುತ್ತಾರೆ. ಅದರಿಂದ ಮಗು ಕೇಳುವುದನ್ನು ಕಲಿಯುತ್ತದೆ, ಆದರೆ ಅಲ್ಲಿಗೇ ನಿಲ್ಲುತ್ತದೆ. ‘ಬೇಡ’, ‘ಸಾಕು’, ‘ನೋವು’, ‘ಭಯ’, ‘ಸಿಟ್ಟು’, ‘ಬಿಟ್ಟುಬಿಡಿ’ ಎಂಬ ಪದಗಳಿಗೆ ಚೌಕಗಳಿಲ್ಲದಿದ್ದರೆ ಮೊದಲು ಹೇಳಿದ ಹಲ್ಲುನೋವಿನ ಮಗು ಟ್ಯಾಬ್ಲೆಟ್ ಇದ್ದೂ ಮೂಕವಾಗಿಯೇ ಉಳಿಯುತ್ತದೆ. ತನ್ನ ಮೇಲೆ ಅನ್ಯಾಯವಾದರೂ ಹೇಳಲಾರದು. ‘ಬೇಡ’ ಎಂಬ ಚೌಕವನ್ನಿಟ್ಟ ತಾಯಿ, ಆ ಚೌಕ ನುಡಿದಾಗ ಕೆಲವೊಮ್ಮೆಯಾದರೂ ಅದಕ್ಕೆ ಮನ್ನಣೆ ಕೊಡಬೇಕಾಗುತ್ತದೆ. ಪಾಲಕರಿಗೆ ಅತ್ಯಂತ ಕಠಿಣವೆನಿಸುವುದು ಇದೇ. ಆದರೆ ಹಿರಿಯರು ನಿರೀಕ್ಷಿಸದಿದ್ದ, ಅವರಿಗೆ ಒಪ್ಪಿಗೆಯಾಗದ ಮಾತೊಂದನ್ನು ಮಗು ಆಡಿದ ದಿನವೇ ಆ ಸಾಧನವು ಸಾರ್ಥಕವಾಯಿತೆಂದು ತಿಳಿಯಬೇಕು.

ಶಾಲೆಯ ಪಾತ್ರ

ಭಾರತದ ಶಾಸನವೂ ಈ ದಿಕ್ಕಿನಲ್ಲಿಯೇ ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಸ್ವಲೀನತೆಗೆ ಸ್ಥಾನ ದೊರೆಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಪೂರಕ ಹಾಗೂ ಪರ್ಯಾಯ ವಿಧಾನಗಳನ್ನು ‘ಸಂವಹನ’ ಎಂಬ ಪದದ ವ್ಯಾಖ್ಯೆಯಲ್ಲಿಯೇ ಸೇರಿಸಿತು. ಶಿಕ್ಷಣದ ಅಧ್ಯಾಯದಲ್ಲಿ ಅವುಗಳ ಬಳಕೆಯನ್ನು ಪ್ರೋತ್ಸಾಹಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. ಆದುದರಿಂದ ತರಗತಿಗೆ ಮಗು ತಂದ ಟ್ಯಾಬ್ಲೆಟ್ ಶಿಸ್ತಿನ ಉಲ್ಲಂಘನೆಯಲ್ಲ. ಅದನ್ನು ಕಪಾಟಿನಲ್ಲಿಡುವುದು, ಮಾತು ಬಲ್ಲ ಮಗುವಿನ ಬಾಯಿಗೆ ಬಟ್ಟೆ ಕಟ್ಟಿದಂತೆ.

ಶಿಕ್ಷಕರಿಂದ ಪಾಲಕರು ಬಯಸುವುದು ದೊಡ್ಡದೇನಲ್ಲ. ಬಾಯಿಮಾತನ್ನು ಮಗು ಕಲಿಯುವುದು ಸುತ್ತಲಿನವರು ಆಡುವುದನ್ನು ವರ್ಷಗಟ್ಟಲೆ ಕೇಳಿದ ಮೇಲೆ. ಚೌಕಗಳ ಮಾತೂ ಹಾಗೆಯೇ. ಶಿಕ್ಷಕರು ತಾವು ಮಾತನಾಡುವಾಗಲೇ ಒಂದೆರಡು ಚೌಕಗಳನ್ನು ಮುಟ್ಟಿ ತೋರಿಸಬೇಕು. ಪ್ರಶ್ನೆ ಕೇಳಿದ ಮೇಲೆ ಅವಸರಪಡದೆ ಕಾಯಬೇಕು. ಬಂದ ಉತ್ತರವನ್ನು, ಅದು ಒಂದೇ ಪದವಾದರೂ, ಉತ್ತರವೆಂದು ಸ್ವೀಕರಿಸಬೇಕು. ದಾನಿಗಳಾದವರು ಯಂತ್ರಕ್ಕೆ ಕೊಡುವ ಹಣದ ಒಂದು ಪಾಲನ್ನು ಶಿಕ್ಷಕರ, ಪಾಲಕರ ತರಬೇತಿಗೆ ಮೀಸಲಿಟ್ಟರೆ ಅವರ ದಾನ ಇಮ್ಮಡಿ ಫಲ ಕೊಡುವುದರಲ್ಲಿ ಸಂದೇಹವಿಲ್ಲ.

ಒಂದು ಕಾಲಕ್ಕೆ ಪಾಟಿಯ ಮೇಲೆ ಮೊದಲ ಅಕ್ಷರ ತಿದ್ದಿದ ಮಗುವಿನ ಕೈಯನ್ನು ಗುರುಗಳು ಹಿಡಿದು ನಡೆಸುತ್ತಿದ್ದರು. ಅಕ್ಷರ ಕೂಡಿಬಂದೊಡನೆ ಕೈಬಿಡುತ್ತಿದ್ದರು. ಈ ಹೊಸ ಪಾಟಿಯ ವಿಷಯದಲ್ಲಿಯೂ ಹಿರಿಯರ ಕರ್ತವ್ಯ ಅಷ್ಟೇ: ಕಲಿಸುವುದು, ಕೈಬಿಡುವುದು, ಬಳಿಕ ಆ ಮಗು ಏನು ಹೇಳುತ್ತದೆಂಬುದನ್ನು ತಾಳ್ಮೆಯಿಂದ ಕೇಳುವುದು.